ನೀಲಿ ಆನೆಯ ತವರು

ಸಂಗ್ರಾಹಕಿ ಪಂಕಜಾಕ್ಷಿಯವರ ಗೋಡೆಯ ಮೇಲೆ ಎರಡು ವನ್ಯಜೀವಿ ಚಿತ್ರಗಳಿದ್ದವು: ಪ್ರಿಂಟರಿನಲ್ಲಿ ಮೂಡಿದ ಬಣ್ಣದ ಹುಲಿ, ಹಳೆಯ ಪದ್ಧತಿಯಂತೆ ಬಿಸಿಲಿಗೆ ಹಿಡಿದು ಅಚ್ಚು ಮಾಡಿದ, ಸೊಂಡಿಲೆತ್ತಿ ನಿಂತ ನೀಲಿ ಆನೆ. ಮಳೆಗಾಲದ ಪ್ರದರ್ಶನಕ್ಕೆ ಒಂದು ಮಾತ್ರ ಹೋಗಬೇಕಿತ್ತು. ಬೇಸಿಗೆಯ ಬೆಳಕಿಗೆ ಎರಡೂ ಮಂಕಾದವು. ಪಂಕಜಾಕ್ಷಿ ಆನೆಯನ್ನು ಇಳಿಸಿ ಕತ್ತಲ ಪೆಟ್ಟಿಗೆಯಲ್ಲಿಟ್ಟರು.

“ಪೆಟ್ಟಿಗೆ ಸೇರಿದ ಮೇಲೆ ಪ್ರದರ್ಶನವೆಲ್ಲಿ, ಆನೆಯಣ್ಣ?” ಎಂದು ಹುಲಿ ನಕ್ಕಿತು.

“ಕತ್ತಲು ನನ್ನ ತವರು. ಮೈತುಂಬಿಕೊಂಡು ಬರುತ್ತೇನೆ.”

ಮಳೆ ಹಿಡಿದಾಗ ಪಂಕಜಾಕ್ಷಿ ಪೆಟ್ಟಿಗೆ ತೆರೆದರು. ಆನೆ ಮೊದಲಿನ ಕಡುನೀಲಿಗೆ ಮರಳಿತ್ತು. ಗೋಡೆ ಬಿಡದ ಹುಲಿಯ ಪಟ್ಟೆಗಳು ಮಾಸಿಹೋಗಿದ್ದವು.

“ನನ್ನನ್ನೂ ಅಲ್ಲಿಡಲು ಹೇಳು,” ಎಂದು ಹುಲಿ ಬೇಡಿತು.

“ಇಟ್ಟರೂ ಹೋದ ಬಣ್ಣ ನಿನಗೆ ಮರಳದು, ಹುಲಿಯಪ್ಪ. ನಾನು ಬಿಸಿಲಿನಲ್ಲೇ ಹುಟ್ಟಿದವನು; ಬಿಸಿಲಚ್ಚಿನ ನೀಲಿ ಬೆಳಕಿಗೆ ಮಾಸಿದರೂ ಕತ್ತಲಲ್ಲಿ ಮರಳುತ್ತದೆ. ಬಾಡುವುದೂ ಗೊತ್ತು, ಚಿಗುರುವುದೂ ಗೊತ್ತು,” ಎಂದ ಆನೆ, ಎತ್ತಿದ ಸೊಂಡಿಲು ಇಳಿಸದೆ ಪ್ರದರ್ಶನಕ್ಕೆ ಹೊರಟಿತು.