ಗಾಜು ತೊಳೆದವಳು

"ಬುದ್ಧಿ, ಕಂಡದ್ದನ್ನು ಕಂಡಿಲ್ಲ ಎಂದುಬಿಟ್ಟರೆ ನನ್ನ ಕೆಲಸ ಉಳಿಯುತ್ತದೆ. ಹಾಗೆಂದುಬಿಡಲೇ?" ಎಂದು ಗುರುಮಲ್ಲಪ್ಪ ಮಠದ ಗುರುಗಳನ್ನು ಕೇಳಿದ.

ಅವನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪರೀಕ್ಷೆಯಲ್ಲಿ ನಕಲು ನಡೆದದ್ದನ್ನು ಕಂಡು ಹೇಳಿದ್ದ. ಆಡಳಿತದವರು ಆ ಮಾತನ್ನು ಹಿಂದಕ್ಕೆ ತೆಗೆದುಕೋ ಎಂದು ಪಟ್ಟು ಹಿಡಿದಿದ್ದರು.

ಗುರುಗಳು ಅವನನ್ನು ಒಮ್ಮೆ ದಿಟ್ಟಿಸಿದರು. "ನಿನ್ನ ಶಾಸ್ತ್ರದ್ದೇ ಕತೆ ಹೇಳುತ್ತೇನೆ. ತೂಕಡಿಸಬೇಡ" ಎಂದು ಶುರುಮಾಡಿದರು.

ಜರ್ಮನಿಯಲ್ಲಿ ಒಬ್ಬ ವಿಜ್ಞಾನಿ ಇದ್ದಳು. ಗಾಳಿ ತೆಗೆದ ಪಾತ್ರೆಯೊಳಗೆ ಲೋಹವನ್ನು ಕಾಯಿಸಿ ಆವಿ ಮಾಡುವಳು. ಆ ಆವಿ ಗಾಜಿನ ಮೇಲೆ ಪದರವಾಗಿ ಕೂರುವುದು. ಎಂಥ ಪದರ ಅಂತೀಯ! ಅದರ ಮುಂದೆ ಈರುಳ್ಳಿ ಸಿಪ್ಪೆಯೂ ಕಂಬಳಿಯೇ. ಅದನ್ನು ಇನ್ನೂ, ಇನ್ನೂ ತೆಳ್ಳಗೆ ಮಾಡುತ್ತ ಹೋದಳು. ಒಂದು ಹಂತದಲ್ಲಿ ಲೋಹ ತನ್ನ ಮೂಲಕ ವಿದ್ಯುತ್ತನ್ನು ಹರಿಯಬಿಡುವುದನ್ನೇ ನಿಲ್ಲಿಸಿತು. ಮತ್ತೆ ಮತ್ತೆ ಮಾಡಿ ನೋಡಿದಳು. ಅದೇ ಕಂಡಿತು.

ಅವಳು ಕೆಲಸ ಮಾಡುತ್ತಿದ್ದ ಸಂಸ್ಥೆಯಲ್ಲಿ ಒಬ್ಬ ಹಿರಿಯನಿದ್ದ. ಎಷ್ಟು ತೆಳ್ಳಗಾದರೂ ಲೋಹದ ಗುಣ ಬದಲಾಗದು ಎಂದು ಹೇಳಿಯೇ ಅವನು ದೊಡ್ಡವನಾಗಿದ್ದ. ತುಂಬಿದ ಸಭೆಯಲ್ಲಿ ಅವನು, "ಗಾಜಿನ ಮೇಲೆ ಜಿಡ್ಡಿತ್ತು, ಅದಕ್ಕೇ ಪದರ ಕೆಟ್ಟಿತು, ಅಷ್ಟೇ. ಹೌದೆಂದುಬಿಡಮ್ಮ. ಕಾಯಂ ಹುದ್ದೆ ನಿನಗಾಗಿಯೇ ಕಾದಿದೆ" ಎಂದ. ಮಾತು ಬೆಣ್ಣೆಯಂತಿತ್ತು. ಅವಳಿಗೆ ಮೈಯೆಲ್ಲ ಉರಿಯಿತು. ಆ ಹುದ್ದೆ ಅವಳಿಗೆ ಬೇಕಿರಲಿಲ್ಲವೆಂದಲ್ಲ, ಬಹಳ ಬೇಕಿತ್ತು.

ಪದರ ಹಾಕುವ ಮೊದಲು ಗಾಜಿನ ಮೇಲೆ ಉಸಿರು ಬಿಟ್ಟು ನೋಡುವುದು ಆ ಕೆಲಸದವರ ಪದ್ಧತಿ. ಗಾಜು ಶುದ್ಧವಾಗಿದ್ದರೆ ಉಸಿರಿನ ಹಬೆ ಒಂದೇ ಸಮನೆ ಹರಡುತ್ತದೆ. ಜಿಡ್ಡಿದ್ದರೆ ತೇಪೆ ತೇಪೆಯಾಗಿ ಕೂರುತ್ತದೆ. ಅವಳು ಹಾಗೆಯೇ ತೊಳೆದ ಇನ್ನೊಂದು ಗಾಜನ್ನು ಸಭೆಗೆ ತಂದಿದ್ದಳು. ಎಲ್ಲರೆದುರು ಉಸಿರು ಬಿಟ್ಟಳು. ಹಬೆ ಸಮನಾಗಿ ಹರಡಿ ಆರಿತು.

"ಇದೇನು ದೊಡ್ಡ ಸಾಕ್ಷಿ?" ಎಂದ ಹಿರಿಯ.

"ಹಾಗಾದರೆ ತಾವೇ ಒಮ್ಮೆ ಉಸಿರು ಬಿಟ್ಟು ನೋಡಿ" ಎಂದು ಗಾಜನ್ನು ಅವನ ಮುಂದೆ ಹಿಡಿದಳು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಗಾಜು ಕೊಳೆಯಾಗಿತ್ತು ಎಂದು ನಾನು ಹೇಳುವುದಿಲ್ಲ. ಅದನ್ನು ತೊಳೆದವಳು ನಾನು" ಎಂದು ಹೇಳಿ ಅವಳು ಹೊರಗೆ ನಡೆದಳು.

ಹುದ್ದೆ ಬೇರೆಯವರ ಪಾಲಾಯಿತು. ಅವಳು ಗಾಜಿಗೆ ಲೋಹದ ಆವಿ ಹಿಡಿಸಿ ಕನ್ನಡಿ ಮಾಡುವ ಕಾರ್ಖಾನೆ ಸೇರಿದಳು. ದಿನದ ಕೆಲಸ ಮುಗಿದ ಮೇಲೆ ಮಾಲೀಕನನ್ನು ಕೇಳಿಕೊಂಡು ಅಲ್ಲಿನ ಪಾತ್ರೆಯಲ್ಲೇ ತನ್ನ ಪದರ ಹಾಕುವಳು. ವಿಜ್ಞಾನಿಗಳ ಸಭೆ ಎಲ್ಲಿ ನಡೆದರೂ ಕರೆಯದೆಯೇ ಹೋಗುವಳು, ಎದ್ದು ನಿಂತು ಅದೇ ಮಾತು ಹೇಳುವಳು. ಕೆಲವರು ಮೂಗು ಮುರಿದರು, ಕೆಲವರು ಮುಸಿ ಮುಸಿ ನಕ್ಕರು. ನಗಲಿ ಬಿಡು, ಅವರ ಹಲ್ಲು ಅವರದು! ಅವಳ ತಲೆ ನರೆಯಿತು. ಮಾತು ಎಳ್ಳಷ್ಟೂ ಬದಲಾಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಅವಳೇ ಗೆದ್ದಳೇ, ಬುದ್ಧಿ?" ಎಂದು ಗುರುಮಲ್ಲಪ್ಪ ಕೇಳಿದ.

"ಗೆಲುವು ಗೊತ್ತಾದ ಮೇಲೆ ಕಂಡದ್ದರ ಪರ ಯಾರು ಬೇಕಾದರೂ ನಿಲ್ಲುತ್ತಾರೆ, ಅದಕ್ಕೆ ನೀನೇ ಏಕೆ ಬೇಕು?"