ಹನ್ನೊಂದನೇ ವಿಷಯ ಪಾಸಾದ ಬಗೆ

"ಒಂದು ಚೊಂಬು ನೀರು ಕೊಡಿ. ಇವತ್ತು ಮಾರ್ಕೆಟ್ಟಿಗೆ ಹೋಗೋದಿಲ್ಲವಲ್ಲ, ಹೊಟ್ಟೆ ತುಂಬ ಕುಡೀತೀನಿ."

ನನ್ನ ಹೆಂಡತಿ ದೊಡ್ಡತಾಯಮ್ಮ ಆಡಿದ ಕೊನೇ ಮಾತು ಇದು. ಆಸ್ಪತ್ರೆಯಲ್ಲಿ. ಅರ್ಧ ಚೊಂಬೂ ಇಳಿಯಲಿಲ್ಲ.

ಮೂವತ್ತು ವರ್ಷ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರಿದಳು. ಅಲ್ಲಿ ಹೆಂಗಸರಿಗೆ ಕಕ್ಕಸಿಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ನೀರು ಮುಟ್ಟುತ್ತಿರಲಿಲ್ಲ. ಡಾಕ್ಟರು ಕಿಡ್ನಿ ಅಂದರು. ನಾನು ಪುರಸಭೆ ಅಂದೆ.

ನಾನು ಜವರಯ್ಯ. ಅದೇ ಪುರಸಭೆಯಲ್ಲಿ ಜವಾನ. ಓದಿದ್ದು ಮೂರನೇ ಕ್ಲಾಸು. ಮೆಂಬರುಗಳಿಗೆ ನೀರು ಕೊಡೋದು, ಬಾಗಿಲು ಕಾಯೋದು, ಗಂಟೆ ಹೊಡೆಯೋದು ನನ್ನ ಕೆಲಸ.

ಗಂಟೆ ಯಾಕೆ ಅಂದರೆ, ದೊಡ್ಡವರು ಯಾರಾದರೂ ತೀರಿಕೊಂಡರೆ ಸಭೆ ಎದ್ದು ನಿಂತು ಮೌನ ಮಾಡುತ್ತದೆ. ನಾನು ಗಂಟೆ ಹೊಡೆದರೆ ಮೌನ ಮುಗಿಯಿತು. ಆಮೇಲೆ ಸತ್ತವರ ಗೌರವಕ್ಕೆ ಅಂತ ಸಭೆ ಮುಂದಕ್ಕೆ ಹಾಕುತ್ತಾರೆ. ಬೋಂಡ ತಿಂದು ಮನೆಗೆ ಹೋಗುತ್ತಾರೆ.

ನಮ್ಮ ಅಧ್ಯಕ್ಷರು ಗುರುಮಲ್ಲಪ್ಪನವರಿಗೆ ಈ ಪದ್ಧತಿ ಬಹಳ ಇಷ್ಟ. ಯಾರೂ ಸಾಯದ ತಿಂಗಳು ಅವರ ಮುಖ ಬಾಡಿರುತ್ತಿತ್ತು. ಒಂದು ಸಲ ಅವರ ಷಡ್ಡಕನ ಸೋದರಮಾವನಿಗೂ ಊರು ಮೌನ ಮಾಡಿತು.

ಹೀಗಾಗಿ ಪಟ್ಟಿಯಲ್ಲಿ ಹನ್ನೊಂದನೇ ವಿಷಯ ಎರಡು ವರ್ಷದಿಂದ ಹಾಗೇ ಕೂತಿತ್ತು. ಅದು ಕಕ್ಕಸು ಬೇಕು ಅಂತ ಮಾರ್ಕೆಟ್ಟಿನ ಹೆಂಗಸರು ಕೊಟ್ಟ ಅರ್ಜಿ. ಮೊದಲ ಹೆಬ್ಬೆಟ್ಟು ತಾಯಮ್ಮನದು.

ಅಧ್ಯಕ್ಷರಿಗೆ ಮಾತ್ರ ತೊಂದರೆ ಇರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಗಳಿಗೆಗೊಂದು ಸಲ ಎದ್ದು ಹೋಗಬೇಕು. ಅದಕ್ಕೇ ಸಭೆಯ ಹಿಂದುಗಡೆ ಮೆಂಬರುಗಳಿಗೆ ಅಂತ ಟೈಲ್ಸ್ ಹಾಕಿದ ಕಕ್ಕಸು ಕಟ್ಟಿಸಿದ್ದರು. ಬೀಗದ ಕೈ ನನ್ನ ಹತ್ತಿರ.

ಇನ್ನೊಂದು ಹೇಳಬೇಕು. ಎದುರು ಪಾರ್ಟಿಯ ದೇವಣ್ಣನವರಿಗೆ ಮಂಡಿನೋವು. ಒಂದು ಸಲ ಮೌನದ ಮಧ್ಯೆ ಕೂತುಬಿಟ್ಟರು. ಅಧ್ಯಕ್ಷರು ಅವತ್ತೇ ನಿರ್ಣಯ ಮಾಡಿಸಿದರು. ಗಂಟೆ ಆಗುವ ಮುಂಚೆ ಕೂತವರು, ಬಾಯಿ ಬಿಟ್ಟವರು, ಜಾಗ ಬಿಟ್ಟವರು ಮೂರು ಸಭೆ ಹೊರಗೆ. ಯಾರೇ ಆಗಲಿ.

"ಇಂಥ ಶಿಸ್ತು ಯಾವ ಪುರಸಭೇಲೂ ಇಲ್ಲ ಕಣಯ್ಯ!" ಅಂತ ಎದೆ ತಟ್ಟಿಕೊಂಡರು. ದೇವಣ್ಣ ಮೂರು ಸಭೆ ಹೊರಗೆ ಬೆಂಚಿನ ಮೇಲೆ ಕೂತರು. ಮರೆಯಲಿಲ್ಲ. ಅಧ್ಯಕ್ಷರಿಗೆ ಇದ್ದದ್ದು ಒಂದೇ ಓಟಿನ ಬಹುಮತ. ಅವರು ಒಂದು ಸಭೆ ಹೊರಗಿದ್ದರೂ ಕುರ್ಚಿ ದೇವಣ್ಣನದು.

ತಾಯಮ್ಮನ ತಿಥಿ ಮುಗಿಸಿ ಕೆಲಸಕ್ಕೆ ಬಂದ ದಿನವೇ ಸಭೆ ಇತ್ತು.

"ಸ್ವಾಮಿ, ಇವತ್ತಾದರೂ ಹನ್ನೊಂದನೇದು ತಗೋತೀರಾ?"

"ನೀನೇನು ಮೆಂಬರೇನೋ? ಮೆಂಬರಲ್ಲದೋನಿಗೆ ಸಭೆ ಉಸಾಬರಿ ಯಾಕೆ? ಬಾಗಿಲು ಕಾಯಿ ಹೋಗು."

ಹೋದೆ. ಅಧ್ಯಕ್ಷರು ಸುತ್ತ ನೋಡಿದರು. "ಏನ್ರಪ್ಪ, ಈ ತಿಂಗಳು ಯಾರೂ ಹೋಗಲಿಲ್ವಾ?"

ಯಾರೂ ಹೋಗಿರಲಿಲ್ಲ. ಅವರ ಕಣ್ಣು ನನ್ನ ಬೋಳುತಲೆ ಮೇಲೆ ಬಿತ್ತು.

"ಲೇ ಜವರ! ನಿನ್ನ ಹೆಂಡ್ತಿ ಹೋದಳಲ್ಲವೇನೋ?"

"ಹೋದಳು ಸ್ವಾಮಿ."

"ಸಿಕ್ತು ಬಿಡಿ! ಬರ್ಕೊಳ್ಳಿ ಮೇಡಂ, ಸಂತಾಪ."

ಮೇಡಂ ಅಂದರೆ ಮುಖ್ಯಾಧಿಕಾರಿ ನಾಗರತ್ನಮ್ಮ. ಅವರು ನನ್ನ ಮುಖ ನೋಡಿದರು. ಪೆನ್ನು ಎತ್ತಲಿಲ್ಲ.

"ದೊಡ್ಡ ಮನಸ್ಸು ಸ್ವಾಮಿ" ಅಂದೆ. ಮೇಡಂ ಬರೆದುಕೊಂಡರು.

"ಶ್ರೀಮತಿ ದೊಡ್ಡತಾಯಮ್ಮನವರ ಅಗಲಿಕೆಯಿಂದ ನಗರಕ್ಕೆ ತುಂಬಲಾರದ ನಷ್ಟ" ಅಂದರು ಅಧ್ಯಕ್ಷರು. ಬದುಕಿದ್ದಾಗ "ಏಯ್ ಸೊಪ್ಪು" ಅಂತ ಕರೆಯುತ್ತಿದ್ದರು.

ಎಲ್ಲರೂ ಎದ್ದು ನಿಂತರು. ಒಂದು ನಿಮಿಷ ಆಯಿತು. ನಾನು ಗಂಟೆ ಮುಟ್ಟಲಿಲ್ಲ.

ಐದು ನಿಮಿಷ ಆಯಿತು. ಬೋಂಡದ ವಾಸನೆ ಬಂತು. ಅಧ್ಯಕ್ಷರು ನನಗೆ ಕಣ್ಣು ಮಾಡಿದರು. ನಾನು ತಲೆ ಬಗ್ಗಿಸಿ ಕೈಮುಗಿದೆ.

ಹತ್ತು ನಿಮಿಷಕ್ಕೆ ಅವರು ಒಂದು ಕಾಲಿಂದ ಇನ್ನೊಂದು ಕಾಲಿಗೆ ಬಂದರು. ಇಪ್ಪತ್ತು ನಿಮಿಷಕ್ಕೆ ಎರಡೂ ಕಾಲು ಹೆಣೆದುಕೊಂಡು ನಿಂತರು. ಪಕ್ಕದಲ್ಲಿ ದೇವಣ್ಣ, ಮಂಡಿ ನಡುಗುತ್ತಿದ್ದರೂ, ಮದುವೆ ಮನೆಯಲ್ಲಿ ನಿಂತ ಹಾಗೆ ನಗುತ್ತಾ ನಿಂತಿದ್ದರು.

ಆಗ ನಾನು ಬಾಯಿ ಬಿಟ್ಟೆ.

"ಹನ್ನೊಂದನೇ ವಿಷಯ."

ಅಧ್ಯಕ್ಷರು ತುಟಿ ಮೇಲೆ ಬೆರಳಿಟ್ಟು ಕಣ್ಣು ಕೆಂಪಗೆ ಮಾಡಿದರು.

"ಮೌನ ಮೆಂಬರುಗಳಿಗೆ ಸ್ವಾಮಿ. ನಾನು ಮೆಂಬರಲ್ಲ."

ಅರ್ಜಿ ನನಗೆ ಬಾಯಿಪಾಠ. ನಿಧಾನಕ್ಕೆ ಹೇಳಿದೆ. ಮಾರ್ಕೆಟ್ಟಿನಲ್ಲಿ ಹೆಂಗಸರಿಗೆ ಕಕ್ಕಸು ಕಟ್ಟಿಸಬೇಕು. ಅದು ಆಗುವ ತನಕ ಮೆಂಬರುಗಳ ಕಕ್ಕಸು ಅವರಿಗೆ ಬಿಡಬೇಕು.

"ಒಪ್ಪಿಗೆ ಇಲ್ಲದವರು ಕೂತ್ಕೊಳ್ಳಿ."

ಯಾರೂ ಕೂರಲಿಲ್ಲ.

"ತಕರಾರು ಇರೋರು ಮಾತಾಡಿ."

ಅಧ್ಯಕ್ಷರ ಬಾಯಿ ತೆರೆಯಿತು. ದೇವಣ್ಣ ಆ ಬಾಯಿಯನ್ನೇ ಆಸೆಯಿಂದ ನೋಡಿದರು. ಬಾಯಿ ಮುಚ್ಚಿಕೊಂಡಿತು.

"ನಾನೂ ಮೆಂಬರಲ್ಲ" ಅಂದರು ಮೇಡಂ. "ಎಲ್ಲರೂ ನಿಂತಿದ್ದಾರೆ. ಸರ್ವಾನುಮತ." ಬರೆದು ಗೆರೆ ಎಳೆದರು.

ಗಂಟೆ ಹೊಡೆದೆ.

ಅಧ್ಯಕ್ಷರು ನನ್ನ ಕೈಯಿಂದ ಬೀಗದ ಕೈ ಕಿತ್ತುಕೊಂಡು ಓಡಿದರು. ವಾಪಸು ಬಂದು ಬೀಗದ ಕೈ ನನ್ನ ಮುಂದೆ ಎಸೆದು ಕೂಗಾಡಿದರು.

"ಅರ್ಧ ಗಂಟೆ ನಿಲ್ಲಿಸಿದೆಯಲ್ಲೋ, ಪಾಪಿ! ಪ್ರಾಣವೇ ಹೋಗ್ತಿತ್ತು!"

ನಾನು ಒಂದು ಲೋಟ ನೀರು ಅವರ ಮುಂದಿಟ್ಟೆ.

"ಅರ್ಧ ಗಂಟೆಗೇ ಸ್ವಾಮಿ? ಅವಳು ಮೂವತ್ತು ವರ್ಷ ತಡ್ಕೊಂಡಳು. ಅವಳದು ಹೋಗೇ ಹೋಯ್ತು."

ದೇವಣ್ಣ ನಗಲು ಬಾಯಿ ತೆರೆದವರು ನಗಲಿಲ್ಲ. ಅಧ್ಯಕ್ಷರು ಲೋಟ ನೋಡುತ್ತಾ ಕೂತರು. ಗಂಟೆ ಇಲ್ಲ, ಸಂತಾಪ ಇಲ್ಲ, ಸಭೆ ತಾನಾಗಿ ಸುಮ್ಮನಾಯಿತು. ಅವತ್ತು ಬೋಂಡ ಮಿಕ್ಕಿತು.

ಮಾರನೇ ದಿನ ಬೆಳಿಗ್ಗೆ ಮೆಂಬರುಗಳ ಕಕ್ಕಸಿನ ಬೀಗ ತೆಗೆದೆ. ಒಂದು ಬಿಂದಿಗೆ ನೀರು ಹೊತ್ತು ಮಾರ್ಕೆಟ್ಟಿಗೆ ಹೋದೆ. ತಾಯಮ್ಮನ ಜಾಗ ಖಾಲಿ ಇತ್ತು. ಪಕ್ಕದಲ್ಲಿ ಕೂತು ಹೂ ಮಾರುವ ಸಾಕಮ್ಮನಿಗೆ ಒಂದು ಚೊಂಬು ಕೊಟ್ಟೆ.

"ಯಾಕಣ್ಣ, ಇಷ್ಟು ಹೊತ್ತಿಗೇ?"

"ಕುಡಿಯವ್ವ" ಅಂದೆ. "ಹೊಟ್ಟೆ ತುಂಬ ಕುಡಿ."