ನವಿಲು ಮಾರ್ಕಿನ ಡಬ್ಬ

“ಗುರುಗಳೇ, ಒಂದು ಆಯಿಲ್‌ಗೆ ಒಮ್ಮೆ ಕೆಟ್ಟ ಹೆಸರು ಬಂದರೆ ಅದು ಯಾಕೆ ಹೋಗುವುದಿಲ್ಲ?” ಎಂದು ಶಿಷ್ಯ ಕೇಳಿದ.

ಅವನು ಗುರುಗಳ ಶಾಲೆಯ ವ್ಯಾನು ಓಡಿಸುತ್ತಿದ್ದ. ಹಿಂದಿನ ದಿನ ಇಂಜಿನ್‌ಗೆ ಹೊಸ ಆಯಿಲ್ ಹಾಕಬೇಕಿತ್ತು. ಪೇಟೆಯಿಂದ ಬಂದದ್ದು ನವಿಲು ಮಾರ್ಕಿನ ಡಬ್ಬ. ಅವನು ಅದರ ಮುಚ್ಚಳ ತೆಗೆಯಲಿಲ್ಲ. ವ್ಯಾನು ನಿಂತಲ್ಲೇ ನಿಂತಿತ್ತು. ಆ ಬೆಳಿಗ್ಗೆ ಮಕ್ಕಳು ನಡೆದು ಬಂದಿದ್ದರು.

“ಈಗ ಅದು ಒಳ್ಳೆಯ ಆಯಿಲ್ ಎಂದು ಮೆಕ್ಯಾನಿಕ್ ಹೇಳುತ್ತಾನೆ. ಸುಳ್ಳು ಹೇಳುವವನಲ್ಲ. ಆದರೂ ನನಗೆ ಕೈ ಬರುವುದಿಲ್ಲ. ನನಗೆ ಡ್ರೈವಿಂಗ್ ಕಲಿಸಿದ ಉಸ್ತಾದರು ಆ ಡಬ್ಬವನ್ನು ತಪ್ಪಿ ಮುಟ್ಟಿದರೂ ಹೋಗಿ ಕೈ ತೊಳೆಯುತ್ತಿದ್ದರು. ಅದು ಮನೆ ಮುರಿಯುವ ಆಯಿಲ್ ಎನ್ನುತ್ತಿದ್ದರು. ಯಾಕೆ ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.”

ಗುರುಗಳು ಆ ಡಬ್ಬವನ್ನು ತರಿಸಿ ತಮ್ಮ ಎದುರಿಗೆ ಇಡಿಸಿಕೊಂಡರು. ಆಮೇಲೆ ಹೇಳತೊಡಗಿದರು.

ಒಬ್ಬ ಡ್ರೈವರ್ ಇದ್ದ. ಅವನಿಗೆ ಸ್ವಂತದ್ದೊಂದು ಟೆಂಪೊ ಇತ್ತು. ಹಳ್ಳಿಗಳಿಂದ ಪೇಟೆಗೆ ಜನರನ್ನೂ ಮೂಟೆಗಳನ್ನೂ ಸಾಗಿಸುತ್ತಿದ್ದ. ಮನೆಯಲ್ಲಿ ಹೆಂಡತಿ, ಒಬ್ಬಳೇ ಮಗಳು.

ಡ್ರೈವರುಗಳಲ್ಲಿ ಒಂದು ರೂಢಿಯಿತ್ತು. ಹಿರಿಯನು ಕಿರಿಯನ ಕೈಗೆ ಸ್ಟೀರಿಂಗ್ ಕೊಡುವ ದಿನ ಎರಡು ಮಾತು ಹೇಳುತ್ತಿದ್ದ. ಯಾವ ಜಾಗದಲ್ಲಿ ಗಾಡಿ ನಿಲ್ಲಿಸಬಾರದು, ಯಾವ ಆಯಿಲ್ ಹಾಕಬಾರದು. ಕಾರಣ ಹೇಳುತ್ತಿರಲಿಲ್ಲ. ಕೇಳುವುದು ಮರ್ಯಾದೆಯೂ ಆಗಿರಲಿಲ್ಲ.

ಈ ಡ್ರೈವರ್‌ಗೆ ಅವನ ಹಿರಿಯ ಹೇಳಿದ್ದು, “ಆನೆ ಮಾರ್ಕು ಹಾಕು. ನವಿಲು ಮುಟ್ಟಬೇಡ.”

ಅದು ಹೇಳಿದ ಕಾಲಕ್ಕೆ ನಿಜವೇ ಆಗಿತ್ತು. ನವಿಲು ಮಾರ್ಕಿನ ಆಯಿಲ್ ಬಂದ ಮೊದಲ ವರ್ಷ ಅದರ ಮಾಲು ಕೆಟ್ಟಿತ್ತು. ಅದನ್ನು ಹಾಕಿದ್ದರಿಂದಲೇ ಆ ಹಿರಿಯನ ಲಾರಿಯ ಇಂಜಿನ್ ಹಾಳಾಗಿತ್ತು. ಕಂಪನಿಯವರು ಮಾಲನ್ನೆಲ್ಲ ವಾಪಸು ಪಡೆದರು. ತಪ್ಪನ್ನು ಸರಿಮಾಡಿದರು. ಮಾರನೆಯ ವರ್ಷದಿಂದ ಅದು ಯಾವ ಆಯಿಲ್‌ಗೂ ಕಡಿಮೆಯಿರಲಿಲ್ಲ. ಆದರೆ ಕೆಟ್ಟ ಸುದ್ದಿ ಲಾರಿಗಳ ಜೊತೆ ಊರೂರಿಗೆ ಹೋಗಿತ್ತು. ಸರಿಯಾದ ಸುದ್ದಿ ಕಂಪನಿಯ ಗೇಟು ದಾಟಲಿಲ್ಲ.

ಟೀ ಅಂಗಡಿಯಲ್ಲಿ ಡ್ರೈವರುಗಳು ತಮಾಷೆ ಮಾಡುತ್ತಿದ್ದರು. “ನವಿಲು ಹಾಕಿದರೆ ಇಂಜಿನ್ ಕುಣಿಯುತ್ತೆ ಕಣಪ್ಪಾ. ಕುಣಿದು ಕುಣಿದು ಅಲ್ಲೇ ಮಲಗುತ್ತೆ.” ನಗುತ್ತಿದ್ದವರಲ್ಲಿ ಒಬ್ಬನೂ ನವಿಲು ಹಾಕಿ ನೋಡಿದವನಲ್ಲ. ನಮ್ಮ ಡ್ರೈವರ್ ಈ ಮಾತನ್ನು ಮನೆಯಲ್ಲೂ ಹೇಳುತ್ತಿದ್ದ. ಮಗಳು ಅದನ್ನು ಕೇಳಿಯೇ ಬೆಳೆದಳು.

ಅವನು ಆಯಿಲ್ ಕೊಳ್ಳುತ್ತಿದ್ದದ್ದು ಕ್ರಾಸಿನಲ್ಲಿದ್ದ ಒಂದೇ ಅಂಗಡಿಯಲ್ಲಿ. ಅಂಗಡಿಯವನು ಆನೆ ಮಾರ್ಕಿನ ಬ್ಯಾರೆಲ್‌ನಿಂದ ಅಳೆದು ಕೊಡುತ್ತಿದ್ದ. ಡ್ರೈವರ್ ಪ್ರತಿ ಸಲವೂ ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಿದ್ದ. ಮೂಸುತ್ತಿದ್ದ.

“ಇದು ಆಯಿಲ್ ಅಂದ್ರೆ. ಬೆಣ್ಣೆ, ಬೆಣ್ಣೆ!”

“ನಿನ್ನ ಮೂಗಿಗೆ ಮೋಸ ಮಾಡೋಕಾಗುತ್ತೇನಣ್ಣಾ?” ಎನ್ನುತ್ತಿದ್ದ ಅಂಗಡಿಯವನು.

ಒಂದು ಮಧ್ಯಾಹ್ನ ಮಗಳು ಬಣವೆಯಿಂದ ಹುಲ್ಲು ಹಿರಿಯುತ್ತಿದ್ದಳು. ಒಳಗಿದ್ದ ಹಾವು ಕೈಗೆ ಕಚ್ಚಿತು. ಡ್ರೈವರ್ ಆಗಷ್ಟೇ ಊಟಕ್ಕೆ ಮನೆಗೆ ಬಂದಿದ್ದ. ಬಾಯಿಗೆ ಇಟ್ಟ ತುತ್ತನ್ನು ಉಗಿದು ಎದ್ದ. ಮಗಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಹೆಂಡತಿ ಪಕ್ಕದಲ್ಲಿ ಕುಳಿತು ಅವಳನ್ನು ಹಿಡಿದುಕೊಂಡಳು. ವಿಷಕ್ಕೆ ಇಂಜೆಕ್ಷನ್ ಇದ್ದದ್ದು ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಮಾತ್ರ.

ಅರ್ಧ ದಾರಿಯಲ್ಲಿ ಅವನ ಎದುರಿಗೆ ಆಯಿಲ್‌ನ ಕೆಂಪು ದೀಪ ಹೊತ್ತಿಕೊಂಡಿತು. ಅವನು ಗಾಡಿ ನಿಲ್ಲಿಸಿದ. ಇಂಜಿನ್‌ನಿಂದ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ. ತುದಿ ಮಾತ್ರ ಒದ್ದೆಯಾಗಿತ್ತು. ಇಂಜಿನ್ ಹಳೆಯದು, ಆಯಿಲ್ ಬೇಗ ಕುಡಿಯುತ್ತಿತ್ತು. ಆ ದಿನ ಊಟ ಮುಗಿಸಿ ಹೋಗುವಾಗ ಕ್ರಾಸಿನಲ್ಲಿ ಹಾಕಿಸಬೇಕೆಂದುಕೊಂಡಿದ್ದ.

ರಸ್ತೆಯ ಪಕ್ಕದಲ್ಲೇ ಒಂದು ಚಿಕ್ಕ ಅಂಗಡಿಯಿತ್ತು. ಅವನು ಓಡಿದ. ಅಲ್ಲಿ ಆಯಿಲ್ ಇತ್ತು. ಹಲಗೆಯ ಮೇಲೆ ಸಾಲಾಗಿ ಇದ್ದದ್ದೆಲ್ಲ ನವಿಲು.

“ಬೇರೆ ಯಾವುದೂ ಇಲ್ವಾ?”

ಅಂಗಡಿಯಲ್ಲಿದ್ದ ಮುದುಕಿ ಹೇಳಿದಳು, “ಇಲ್ಲಪ್ಪಾ. ನಮ್ಮ ಕಡೆ ಪಂಪ್‌ಸೆಟ್‌ಗೆಲ್ಲ ಇದನ್ನೇ ಹಾಕ್ತಾರೆ. ಏನೂ ಆಗಿಲ್ಲ.”

“ಪಂಪ್‌ಸೆಟ್ ನಿಂತರೆ ನೀರು ನಿಲ್ಲುತ್ತೆ ಅಜ್ಜಿ. ನನ್ನ ಗಾಡೀಲಿ ಮಗಳಿದಾಳೆ.”

ಅವನು ಬರಿಗೈಯಲ್ಲಿ ತಿರುಗಿ ಬಂದ. ಹೆಂಡತಿ ಕಿಟಕಿಯಿಂದ ಎಲ್ಲವನ್ನೂ ನೋಡಿದ್ದಳು.

“ಅದನ್ನೇ ಹಾಕ್ರೀ!”

“ಬೇಡ. ಅದು ದಾರೀಲೇ ಕೈ ಕೊಡುತ್ತೆ. ಕ್ರಾಸು ಇಲ್ಲೇ ಇದೆ. ಆನೆ ಹಾಕಿಸಿಬಿಡ್ತೀನಿ.”

ಮಗಳ ಕಣ್ಣೆವೆಗಳು ಇಳಿದು ಬಂದಿದ್ದವು. ನಾಲಿಗೆ ದಪ್ಪವಾಗಿತ್ತು. ಅವಳು ಒಂದೊಂದೇ ಮಾತನ್ನು ಎತ್ತಿ ಇಟ್ಟಂತೆ ಹೇಳಿದಳು, “ಹಾಕಪ್ಪಾ. ಕುಣಿದರೆ... ಕುಣೀಲಿ.”

ಅವನು ತಲೆಯಾಡಿಸಿದ. ಒಬ್ಬನೇ ಇದ್ದಿದ್ದರೆ ಬೇರೆ ದಾರಿಯಿಲ್ಲವೆಂದು ಹಾಕಿಬಿಡುತ್ತಿದ್ದನೋ ಏನೋ. ಮಗಳು ಇದ್ದಳು. ಅದಕ್ಕೇ ಹಾಕಲಿಲ್ಲ.

ಗಾಡಿ ಹೊರಟಿತು. ಸ್ವಲ್ಪ ದೂರದಲ್ಲಿ ಇಂಜಿನ್ ಒಳಗಿನಿಂದ ಬಡಿಯತೊಡಗಿತು. ಅವನು ನಿಲ್ಲಿಸಲಿಲ್ಲ. ಕ್ರಾಸಿನ ಅಂಗಡಿಯ ಬೋರ್ಡು ಕಾಣಿಸಿತು. ಅದರ ಮೇಲೆ ಬರೆದ ಆನೆಯ ಚಿತ್ರವೂ ಕಾಣಿಸಿತು. ಅಲ್ಲಿಗೆ ಇಂಜಿನ್ ಬಿಗಿಯಾಗಿ ಹಿಡಿದುಕೊಂಡು ನಿಂತುಹೋಯಿತು. ಕೀಲಿ ತಿರುಗಿಸಿದ. ಮತ್ತೆ ತಿರುಗಿಸಿದ. ಕಬ್ಬಿಣ ಅಲುಗಲಿಲ್ಲ.

ಅವನು ಮಗಳನ್ನು ಹೊತ್ತುಕೊಂಡು ಅಂಗಡಿಯ ತನಕ ಓಡಿದ. ಅಂಗಡಿಯವನು ತನ್ನ ಮೋಟಾರ್ ಸೈಕಲ್ ತೆಗೆದ. ತಂದೆ ಹಿಂದೆ ಕುಳಿತು ಮಗಳನ್ನು ನಡುವೆ ಅಪ್ಪಿ ಹಿಡಿದ. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಅವಳಿಗೆ ಉಸಿರಿರಲಿಲ್ಲ. ಸ್ವಲ್ಪ ಮೊದಲು ತಂದಿದ್ದರೆ, ಎಂದು ಡಾಕ್ಟರು ಆರಂಭಿಸಿ ಮಾತು ನಿಲ್ಲಿಸಿದರು.

ಮೆಕ್ಯಾನಿಕ್ ಇಂಜಿನ್ ಬಿಚ್ಚಿದ. ಅವನಿಗೆ ನಡೆದದ್ದು ಪೂರ್ತಿ ಗೊತ್ತಿರಲಿಲ್ಲ. “ಒಳಗೆ ಒಣಗಿಹೋಗಿತ್ತು. ಯಾವುದಾದರೂ ಒಂದು ಆಯಿಲ್ ಇದ್ದಿದ್ದರೆ ಸಾಕಾಗಿತ್ತು,” ಎಂದ.

ಸಾವಿನ ಮನೆಗೆ ಮಾತನಾಡಿಸಲು ಜನ ಬಂದರು. ಒಂದು ದಿನ ಕ್ರಾಸಿನ ಅಂಗಡಿಯವನೂ ಬಂದು ಜಗಲಿಯಲ್ಲಿ ಕುಳಿತ. ಮಗಳ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದದ್ದನ್ನೇ ಮತ್ತೆ ಹೇಳಿದಳು. ಕೆಂಪು ದೀಪ, ಮುದುಕಿಯ ಅಂಗಡಿ, ಹಲಗೆಯ ಮೇಲಿನ ನವಿಲು ಡಬ್ಬಗಳು, ಮಗಳು ಆಡಿದ ಕೊನೆಯ ಮಾತು.

ಅಂಗಡಿಯವನು ಇದನ್ನು ಕೇಳಿದ್ದು ಅದೇ ಮೊದಲು. ಅವನು ಎದ್ದು ನಿಂತ. ಕುಳಿತ. ಮತ್ತೆ ಎದ್ದ.

“ಅಣ್ಣಾ, ನನ್ನ ಅಂಗಡಿಗೆ ಆನೆ ಆಯಿಲ್ ಬರೋದು ನಿಂತು ವರ್ಷಗಳಾದವು. ಬ್ಯಾರೆಲ್ ಮಾತ್ರ ಆನೆಯದು. ಒಳಗೆ ತುಂಬ್ತಿದ್ದದ್ದು ನವಿಲು.”

ಅವನು ಡ್ರೈವರನ ಎದುರಿಗೆ ಬಂದು ಕೈಮುಗಿದ.

“ನವಿಲು ಅಂದರೆ ಯಾರೂ ಮುಟ್ತಿರಲಿಲ್ಲ. ಮಾಲು ಚೆನ್ನಾಗಿತ್ತು, ಸುಮ್ಮನೆ ಬಿದ್ದಿತ್ತು. ಒಂದು ಸಲ ಆನೆ ಬ್ಯಾರೆಲ್‌ಗೆ ಸುರಿದು ನೋಡಿದೆ. ಎಲ್ಲರೂ ಮುಂಚೆಗಿಂತ ಚೆನ್ನಾಗಿದೆ ಅಂದ್ರು. ಹಾಗೆ ಮೊದಲು ಅಂದವನು ನೀನೇ.”

ತಾಯಿ ಕೇಳಿದಳು, “ಅವತ್ತು ನಮ್ಮ ಗಾಡಿಯೊಳಗೆ ಇದ್ದದ್ದು?”

“ಅದೇ, ತಾಯೀ.”

“ಆ ಅಜ್ಜಿ ಅಂಗಡೀಲಿ ಇದ್ದದ್ದು?”

“ಅದೇ.”

ಅವಳು ಗಂಡನ ಕಡೆಗೆ ನೋಡಿದಳು. ಅಳುತ್ತಿದ್ದವಳ ಅಳು ನಿಂತುಹೋಗಿತ್ತು.

ಇಬ್ಬರು ಯುವಕರು ಅಂಗಡಿಯವನನ್ನು ಹೊಡೆಯಲು ಎದ್ದರು. ಡ್ರೈವರ್ ಕೈಯೆತ್ತಿ ಅವರನ್ನು ತಡೆದ. ಎತ್ತಿದ ಕೈ ಹಾಗೇ ಉಳಿಯಿತು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಅವನು ಅದನ್ನು ಮೂಗಿನ ಹತ್ತಿರ ತಂದ.

“ಸುಳ್ಳು,” ಎಂದ. “ನವಿಲು ಆಗಿದ್ದರೆ ನನಗೆ ಗೊತ್ತಾಗ್ತಿರಲಿಲ್ವಾ?”

ಅಂಗಡಿಯವನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಹೊರಟುಹೋದ. ಆ ಚಪ್ಪಲಿಗಳನ್ನು ನಾನು ನೋಡಿದ್ದೇನೆ. ಆ ದಿನ ಆ ಜಗಲಿಯಲ್ಲಿ ನಾನೂ ಕುಳಿತಿದ್ದೆ.

ಡ್ರೈವರ್ ಟೆಂಪೊ ಮಾರಿದ. ಆಮೇಲೆ ಊರಿನ ಹುಡುಗರಿಗೆ ಡ್ರೈವಿಂಗ್ ಕಲಿಸುವ ಕೆಲಸ ಹಿಡಿದ. ಒಳ್ಳೆಯ ಉಸ್ತಾದ್ ಎಂಬ ಹೆಸರು ಬಂತು. ಗೇರು ಕಲಿಸಿದ, ಬ್ರೇಕು ಕಲಿಸಿದ, ದಿನ ಬೆಳಗಾದರೆ ಮೊದಲು ಆಯಿಲ್ ನೋಡಬೇಕೆಂದು ಕಲಿಸಿದ. ಒಬ್ಬೊಬ್ಬನ ಕೈಗೂ ಸ್ಟೀರಿಂಗ್ ಕೊಡುವ ದಿನ ಒಂದೇ ಮಾತು ಹೇಳಿದ, “ನವಿಲು ಮುಟ್ಟಬೇಡ. ಅದು ಮನೆ ಮುರಿಯುವ ಆಯಿಲ್.” ಮಗಳನ್ನು ಕಳೆದುಕೊಂಡ ತಂದೆಯ ಎದುರು ಯಾರು ವಾದ ಮಾಡುತ್ತಾರೆ? ಆ ಹುಡುಗರು ಬೇರೆ ಹುಡುಗರಿಗೆ ಹೇಳಿದರು. ಸಾಯುತ್ತಿದ್ದ ಕೆಟ್ಟ ಹೆಸರಿಗೆ ಇನ್ನೊಂದು ತಲೆಮಾರಿನ ಆಯುಸ್ಸು ಬಂತು.

ಗುರುಗಳು ನಿಲ್ಲಿಸಿದರು.

ಶಿಷ್ಯ ಎದುರಿಗಿದ್ದ ಡಬ್ಬವನ್ನೂ ತನ್ನ ಕೈಗಳನ್ನೂ ನೋಡಿದ. ಆಮೇಲೆ ಕೇಳಿದ.

“ಗುರುಗಳೇ, ನಮ್ಮ ಉಸ್ತಾದರು ಅಂಗಡಿಯವನ ಮಾತನ್ನು ನಂಬಲೇ ಇಲ್ಲವೇ? ಕೊನೆಯವರೆಗೂ ಅವರಿಗೆ ನಿಜ ಗೊತ್ತಾಗಲೇ ಇಲ್ಲವೇ?”

“ಗೊತ್ತಿತ್ತಪ್ಪಾ,” ಎಂದರು ಗುರುಗಳು, “ಅದಕ್ಕೇ ಕೈ ತೊಳೆಯುತ್ತಿದ್ದ.”